ಮೊದಲ ಮುಖಪುಟ ಬಂತು, ಎರಡನೆಯದು ಯಾಕೆ ಬರ್ತಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆಯವಳು, ವಯಸ್ಸು 25. ಇಲ್ಲೇ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಮೂರು ವರ್ಷ ಆಯ್ತು. ರಾಕ್ಷಸರು, ಡ್ರ್ಯಾಗನ್, ಮಾಯಾಲೋಕದ ಕೋಟೆ, ಕತ್ತಿ ಹಿಡಿದ ಹೆಣ್ಣುಮಕ್ಕಳು, ಇಂಥ ಫ್ಯಾಂಟಸಿ ಚಿತ್ರಗಳನ್ನೇ ಬರೆದು ಬದುಕಬೇಕು ಅಂತ ಆಸೆ. ಇದುವರೆಗೆ ಆಗಿದ್ದು ಇಷ್ಟು. ಒನಕೆ ಓಬವ್ವನ ಮುಂದೆ ಸೈನಿಕರ ಬದಲು ರಾಕ್ಷಸರು ನುಗ್ಗಿ ಬರುವ ಹಾಗೆ ಒಂದು ಚಿತ್ರ ಮಾಡಿದೆ. ಅದು ಇನ್‌ಸ್ಟಾಗ್ರಾಂನಲ್ಲಿ ಓಡಿ 14 ಸಾವಿರ ಫಾಲೋವರ್ಸ್ ಆದರು. ಒಂದು ಅಂತರರಾಷ್ಟ್ರೀಯ ಕಲಾ ಪ್ರಶಸ್ತಿ ಬಂತು, ಅದಕ್ಕೆ ಪ್ರವೇಶ ಶುಲ್ಕ ಕಟ್ಟಿದ್ದೆ. ಹೋದ ವರ್ಷ ಒಂದು ಕನ್ನಡ ಫ್ಯಾಂಟಸಿ ಕಾದಂಬರಿಗೆ ಮುಖಪುಟ ಮಾಡಿಕೊಟ್ಟೆ. 5,000 ಅಂತ ಮಾತಾಗಿತ್ತು, 2,500 ಬಂದಿದೆ. ಆಮೇಲೆ ಅವರು ಕರೆದೇ ಇಲ್ಲ. ಹೊರದೇಶದ ಲೇಖಕರೊಬ್ಬರು ಮುಖಪುಟಕ್ಕೆ ಸ್ಕೆಚ್ ಕೇಳಿದರು, ಮೂರು ಕಳಿಸಿದ ಮೇಲೆ ಪತ್ತೆಯಿಲ್ಲ. ಬೆಂಗಳೂರಿನ ಒಂದು ಗೇಮ್ ಸ್ಟುಡಿಯೊಗೆ ಕಾನ್ಸೆಪ್ಟ್ ಆರ್ಟಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಒಂದು ಸಾಲಿನಲ್ಲಿ 'ಸದ್ಯಕ್ಕೆ ಆಗಲ್ಲ' ಅಂದರು. ನನ್ನ ಓಬವ್ವನನ್ನು ಯಾರೋ ಟೀ ಶರ್ಟ್ ಮೇಲೆ ಹಾಕಿ ಮಾರುತ್ತಿದ್ದಾರೆ. ನಡುವೆ ಹರಿಹರದ ಒಂದು ಪ್ರೆಸ್ಸಿಗೆ ಕ್ಯಾಲೆಂಡರ್, ಜಾತ್ರೆ ಪೋಸ್ಟರ್ ಚಿತ್ರ ಮಾಡಿಕೊಡ್ತೀನಿ, ಮೂರು ವರ್ಷದಿಂದ ಕರೀತಿದ್ದಾರೆ, ಅದು ಲೆಕ್ಕಕ್ಕಿಲ್ಲ ಬಿಡಿ. ಅಪ್ಪ 'ಪ್ರೈವೇಟ್ ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಇದೆ, ಸುಮ್ನೆ ಸೇರ್ಕೋ' ಅಂತಾರೆ. ಎಐ ಬಂದ ಮೇಲೆ ಇದೆಲ್ಲ ಯಾಕೆ ಅಂತಾನೂ ಅನಿಸುತ್ತೆ. ನಾನು ಮುಂದೆ ಹೋಗ್ತಿದ್ದೀನಾ, ಇದ್ದಲ್ಲೇ ಇದ್ದೀನಾ? ಚಿತ್ರಗಳ ಲಿಂಕ್ ಕಳಿಸಿದ್ದೇನೆ.

ಉತ್ತರ: ನಿಮ್ಮ ಪಟ್ಟಿ ಸರಿಯಾಗಿದೆ, ಕ್ರಮ ಮಾತ್ರ ತಲೆಕೆಳಗಾಗಿದೆ. ಎಲ್ಲಕ್ಕಿಂತ ಮೇಲೆ 14 ಸಾವಿರ ಫಾಲೋವರ್ಸ್ ಇದ್ದಾರೆ. ಎಲ್ಲಕ್ಕಿಂತ ಕೆಳಗೆ, ಅದೂ 'ಲೆಕ್ಕಕ್ಕಿಲ್ಲ ಬಿಡಿ' ಅನ್ನುವ ಮಾತಿನ ಜೊತೆ, ಹರಿಹರದ ಪ್ರೆಸ್ಸು ಇದೆ. ನನ್ನನ್ನು ಕೇಳಿದರೆ ಈ ಮೂರು ವರ್ಷದಲ್ಲಿ ನಿಮಗೆ ಆದ ದೊಡ್ಡ ಸಂಗತಿ ಅಂದ್ರೆ ಆ ಪ್ರೆಸ್ಸಿನವರು ಮೂರನೇ ವರ್ಷವೂ ಫೋನ್ ಮಾಡಿದ್ದು.

ನಮ್ಮ ಕಸುಬಿನಲ್ಲಿ ಮೊದಲ ಕೆಲಸ ಹೇಗೋ ಬಂದುಬಿಡುತ್ತದೆ. ಯಾರೋ ಹೆಸರು ಹೇಳಿರುತ್ತಾರೆ, ಯಾರಿಗೋ ಒಂದು ಚಿತ್ರ ಹಿಡಿಸಿರುತ್ತದೆ, ಇಲ್ಲವೇ ಬೇರೊಬ್ಬ ಕಲಾವಿದ ಕೊನೆ ಗಳಿಗೆಯಲ್ಲಿ ಕೈಕೊಟ್ಟಿರುತ್ತಾನೆ. ಎರಡನೇ ಕೆಲಸ ಹಾಗಲ್ಲ. ಮೊದಲನೆಯದು ಅವರಿಗೆ ತಲೆನೋವು ಕೊಡದೆ ಮುಗಿದಿದ್ದರೆ ಮಾತ್ರ ಅದು ಬರುತ್ತದೆ. ಅದಕ್ಕೇ ಹೊಸಬರು ಯಾರಾದರೂ 'ನನ್ನ ಮೊದಲ ಮುಖಪುಟ ಬಂತು' ಅಂದಾಗ ನಾನು ಖುಷಿಪಡುತ್ತೇನೆ, ಆದರೆ ಲೆಕ್ಕಕ್ಕೆ ಬರೆದುಕೊಳ್ಳುವುದು ಅದೇ ಪ್ರಕಾಶಕರು ಮತ್ತೆ ಕರೆದಾಗ.

ಮಕ್ಕಳ ಮಾಸಪತ್ರಿಕೆ 'ಚಂದಮಾಮ' ನೋಡಿ ಬೆಳೆದ ಮನೆಯಲ್ಲಿ ಕೇಳಿ, ವಿಕ್ರಮ ಬೇತಾಳನನ್ನು ಹೆಗಲ ಮೇಲೆ ಹೊತ್ತು ನಡೆಯುವ ಚಿತ್ರ ಯಾರಿಗೆ ನೆನಪಿಲ್ಲ? ಅದನ್ನು ಬರೆದವರು ಶಂಕರ್, ಅಂದ್ರೆ ಕೆ.ಸಿ. ಶಿವಶಂಕರನ್. 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಸೇರಿದವರು ದಶಕಗಳ ಕಾಲ ಅಲ್ಲೇ ಚಿತ್ರ ಬರೆದರು. 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದಿದ್ದು ಆಮೇಲೆ, 2021ರಲ್ಲಿ. ಮಹಾಭಾರತದ ಮುಖಪುಟಗಳನ್ನು ಬರೆದ ನಮ್ಮ ಎಂ.ಟಿ.ವಿ. ಆಚಾರ್ಯರು ಕೂಡ ಅದೇ ಪತ್ರಿಕೆಯವರು. ಇವರಿಗೆಲ್ಲ ಹೆಸರು ಬಂದಿದ್ದು ಯಾವುದೋ ಒಂದು ಚಿತ್ರ ಓಡಿತು ಅಂತಲ್ಲ. ಮುಂದಿನ ತಿಂಗಳ ಸಂಚಿಕೆಗೂ ಚಿತ್ರ ಸಿದ್ಧವಿರುತ್ತಿತ್ತು. ದಕ್ಷಿಣ ಭಾರತದಲ್ಲಿ ಫ್ಯಾಂಟಸಿ ಚಿತ್ರಕಲೆ ನಿಂತಿದ್ದೇ ಸಂಬಳದ ಮೇಜಿನ ಮುಂದೆ. ನಾವು ಇದನ್ನು ಹೇಳಿಕೊಳ್ಳುವುದು ಕಡಿಮೆ.

ಈಗ ನಿಮ್ಮ ಮುಖಪುಟಕ್ಕೆ ಬರೋಣ. ನೀವು ಕಳಿಸಿದ್ದರಲ್ಲಿ ಎರಡು ಫೈಲ್ ಇವೆ. ಒಂದು ನೀವು ಕೊಟ್ಟ ಚಿತ್ರ, ಇನ್ನೊಂದು ಅಚ್ಚಾಗಿ ಬಂದ ಪುಸ್ತಕದ ಫೋಟೊ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅವರು ಯಾಕೆ ಮತ್ತೆ ಕರೆಯಲಿಲ್ಲ ಅನ್ನುವುದು ಅಲ್ಲೇ ಕಾಣುತ್ತದೆ.

ಚಿತ್ರ ಸೊಗಸಾಗಿದೆ. ರಾಕ್ಷಸನ ಚರ್ಮ, ಕೊಂಬಿನ ಬುಡದಲ್ಲಿ ಚರ್ಮ ಸುಕ್ಕುಗಟ್ಟಿರುವ ರೀತಿ, ಅದನ್ನು ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಆದರೆ ರಾಕ್ಷಸನ ಕೊಂಬು ಪುಟದ ಮೇಲಂಚಿಗೆ ತಾಗಿದೆ, ಕಾಲು ಕೆಳಗಂಚಿಗೆ ತಾಗಿದೆ. ಶೀರ್ಷಿಕೆ ಹಾಕಲು ಜಾಗವೇ ಇಲ್ಲ. ಪಾಪ, ಡಿಟಿಪಿ ಮಾಡುವವರು ಏನು ಮಾಡಬೇಕು? ರಾಕ್ಷಸನ ಹಣೆ ಮೇಲೇ ಶೀರ್ಷಿಕೆ ಕೂರಿಸಿದ್ದಾರೆ. ಓದಲಿ ಅಂತ ಅಕ್ಷರಕ್ಕೆ ಹಳದಿ ಬಣ್ಣ, ಸುತ್ತ ಕೆಂಪು ಅಂಚು. ನಿಮ್ಮ ಅಷ್ಟು ದಿನದ ಕೆಲಸ ಅಲ್ಲಿಗೆ ಮುಗಿಯಿತು. ಲೇಖಕರ ಹೆಸರು ಕಾಲುಗುರಿನ ಮೇಲೆ ಬಂದಿದೆ, ಅದು ಅವರಿಗೆ ಎಷ್ಟು ಬೇಜಾರಾಗಿರಬೇಡ.

ಇದರಲ್ಲಿ ಕನ್ನಡದ್ದೇ ಆದ ಒಂದು ತೊಂದರೆ ಇದೆ. ನೀವು ನೋಡಿ ಕಲಿತ ಇಂಗ್ಲಿಷ್ ಮುಖಪುಟಗಳಲ್ಲಿ ಶೀರ್ಷಿಕೆ ಎಲ್ಲ ದೊಡ್ಡಕ್ಷರದಲ್ಲಿ, ಒಂದು ಪಟ್ಟಿಯ ಹಾಗೆ ಕೂರುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು ಏಳುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಎರಡು ಸಾಲಿನ ಶೀರ್ಷಿಕೆ ಆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಹಾಗಾಗಿ ಅಂತರ ಜಾಸ್ತಿ ಬಿಡಬೇಕು, ಒಟ್ಟು ಎತ್ತರವೂ ಜಾಸ್ತಿ ಬೇಕು. ಪುಟದ ಮೇಲಿನ ಮೂರನೇ ಒಂದು ಭಾಗವನ್ನು ಆಕಾಶಕ್ಕೋ, ಮಂಜಿಗೋ, ಕತ್ತಲಿಗೋ ಬಿಟ್ಟುಬಿಡಿ. ಸ್ಕೆಚ್ ಹಂತದಲ್ಲೇ ನಿಜವಾದ ಶೀರ್ಷಿಕೆಯನ್ನು ಟೈಪ್ ಮಾಡಿ ಅದರ ಮೇಲೆ ಇಟ್ಟು ನೋಡಿ. ಆಮೇಲೆ ಅದನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ, ಯಾಕೆಂದರೆ ಈಗ ಪುಸ್ತಕ ಕೊಳ್ಳುವವರಲ್ಲಿ ತುಂಬ ಜನ ಮೊದಲು ನೋಡುವುದು ಫೋನಿನಲ್ಲಿ ಆ ಗಾತ್ರದ ಮುಖಪುಟವನ್ನೇ.

ಬಣ್ಣದ ಮಾತು ಬೇರೆ. ನಿಮ್ಮ ಫೈಲಿನಲ್ಲಿ ಮಂತ್ರದ ಬೆಳಕು ಮಿಂಚುವ ನೀಲಿ. ಅಚ್ಚಿನಲ್ಲಿ ಅದು ಮಾಸಿದ ಸ್ಲೇಟಿನ ಬಣ್ಣ. ಪ್ರೆಸ್ಸಿನವರ ತಪ್ಪಲ್ಲ ಅದು. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ, ಅಚ್ಚಿನ ಯಂತ್ರ ನಾಲ್ಕು ಶಾಯಿಗಳಲ್ಲಿ ಮಾಡುತ್ತದೆ. ಆ ಉಜ್ವಲ ನೀಲಿ, ಗಿಳಿಹಸಿರು ಶಾಯಿಯಲ್ಲಿ ಬರುವುದೇ ಇಲ್ಲ. ಬೆಳಕು ಹೊಳೆಯಬೇಕು ಅಂದ್ರೆ ಅದರ ಸುತ್ತ ಕತ್ತಲು ಹೆಚ್ಚಿಸಬೇಕು, ಬಣ್ಣ ಗಾಢ ಮಾಡಿದರೆ ಆಗಲ್ಲ. ಕೆಲಸ ಮಾಡುವಾಗಲೇ ಆಗಾಗ ಸಿಎಂವೈಕೆಗೆ, ಅಂದ್ರೆ ಆ ನಾಲ್ಕು ಶಾಯಿಗಳ ಬಣ್ಣಕ್ಕೆ, ತಿರುಗಿಸಿ ನೋಡುತ್ತಿರಿ. ಚಿತ್ರ ಬರೆಯುವ ಕ್ರಿಟಾ ತಂತ್ರಾಂಶದಲ್ಲಿ, ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಅನ್ನುವ ಸೌಲಭ್ಯ ಇದೆ, ದುಡ್ಡು ಕೊಡಬೇಕಿಲ್ಲ.

ಅಳತೆಯೂ ತಪ್ಪಿದೆ. ನಮ್ಮ ಕಾದಂಬರಿಗಳಲ್ಲಿ ಜಾಸ್ತಿ 1/8 ಡೆಮಿ, ಹೆಚ್ಚುಕಮ್ಮಿ ಐದೂವರೆಗೆ ಎಂಟೂವರೆ ಇಂಚು. 300 ಡಿಪಿಐಗೆ, ಅಂದ್ರೆ ಇಂಚಿಗೆ 300 ಚುಕ್ಕಿಯಂತೆ, ಲೆಕ್ಕ ಹಾಕಿದರೆ 1650ಕ್ಕೆ 2550 ಪಿಕ್ಸೆಲ್. ಕತ್ತರಿಸುವಾಗ ಬಿಳಿ ಅಂಚು ಕಾಣದಿರಲಿ ಅಂತ ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಟ್ಟರೆ ಸುಮಾರು 1720ಕ್ಕೆ 2620. ನೀವು ಕೊಟ್ಟಿದ್ದು ಇನ್‌ಸ್ಟಾಗ್ರಾಂಗೆ ಮಾಡಿದ ಚೌಕ. ಅದನ್ನು ಅವರು ಮೇಲೆ ಕೆಳಗೆ ಎಳೆದಿದ್ದಾರೆ, ಅದಕ್ಕೇ ರಾಕ್ಷಸ ಅಚ್ಚಿನಲ್ಲಿ ಸ್ವಲ್ಪ ಸೊರಗಿದ ಹಾಗೆ ಕಾಣುತ್ತಾನೆ. ಬೆನ್ನಿನ ಪಟ್ಟಿಗೆ, ಹಿಂಬದಿಗೆ ಚಿತ್ರವೇ ಇರಲಿಲ್ಲ, ಕಪ್ಪು ತುಂಬಿದ್ದಾರೆ.

ಹರಿಹರದ ಪ್ರೆಸ್ಸಿನ ಕೆಲಸದಲ್ಲಿ ಇಂಥ ಒಂದೂ ತೊಂದರೆ ಕಾಣುವುದಿಲ್ಲ, ಗಮನಿಸಿದ್ದೀರಾ? ನಿಮ್ಮ ಜಾತ್ರೆ ಪೋಸ್ಟರಿನಲ್ಲಿ ದೇವಿ ಎಡಕ್ಕೆ ಸರಿದು ಕೂತಿದ್ದಾಳೆ. ಬಲಕ್ಕೆ ಕಾರ್ಯಕ್ರಮದ ವಿವರ, ಕೆಳಗೆ ದಾನಿಗಳ ಉದ್ದನೆ ಸಾಲು. ಕುಂಕುಮದ ಕೆಂಪು ಅಚ್ಚಿನಲ್ಲಿ ಕೆಂಪಾಗಿಯೇ ಬಂದಿದೆ. ಅಲ್ಲಿ ಯಾರೋ ಹಿರಿಯರು ನಿಮ್ಮ ಪಕ್ಕ ನಿಂತು 'ಇಲ್ಲಿ ಜಾಗ ಬಿಡಮ್ಮ, ಅಲ್ಲಿ ಬಣ್ಣ ಇಳಿಸಮ್ಮ' ಅಂದಿರಬೇಕು. ಅದೇ ವಿದ್ಯೆಯನ್ನು ಮುಖಪುಟಕ್ಕೆ ತರಲು ನಿಮಗೆ ಯಾಕೋ ಮನಸ್ಸು ಬರಲಿಲ್ಲ. ಜಾತ್ರೆ ಪೋಸ್ಟರು ಕೂಲಿ, ರಾಕ್ಷಸ ಕಲೆ ಅಂತ ಅನಿಸಿರಬಹುದು. ಅಚ್ಚಿನ ಯಂತ್ರಕ್ಕೆ ಎರಡೂ ಒಂದೇ.

ಹೊರದೇಶದ ಲೇಖಕರು ಮಾಯವಾದದ್ದನ್ನು ಹಿನ್ನಡೆ ಅಂತ ಬರೆದುಕೊಳ್ಳಬೇಡಿ. ಸ್ವಂತವಾಗಿ ಪುಸ್ತಕ ತರುವವರಲ್ಲಿ ಇದು ದಿನಾ ನಡೆಯುವ ಮಾತು. ಅವರ ದುಡ್ಡು ಮುಗಿದಿರುತ್ತದೆ, ಪುಸ್ತಕವೇ ಮುಗಿದಿರುವುದಿಲ್ಲ, ಇಲ್ಲವೇ ನಾಲ್ಕು ಜನರ ಹತ್ತಿರ ಪುಕ್ಕಟೆ ಸ್ಕೆಚ್ ತರಿಸಿ ಒಬ್ಬರನ್ನು ಆರಿಸಿರುತ್ತಾರೆ. ಅಡ್ವಾನ್ಸ್ ಇಲ್ಲದೆ ಪೆನ್ಸಿಲ್ ಹಿಡಿಯಬಾರದು, ಅಷ್ಟೇ. ಸಾಮಾನ್ಯವಾಗಿ ಅರ್ಧ ಮೊದಲು, ಅರ್ಧ ಕೊನೆಗೆ, ದೊಡ್ಡ ಫೈಲ್ ಕೊಡುವ ಮುಂಚೆ. ದೊಡ್ಡ ಕೆಲಸವಾದರೆ ಮೂರು ಕಂತು: ಒಪ್ಪಿದಾಗ, ಸ್ಕೆಚ್ ಓಕೆ ಆದಾಗ, ಮುಗಿದಾಗ. ಎಷ್ಟು ಸ್ಕೆಚ್, ಎಷ್ಟು ಸಲ ತಿದ್ದುಪಡಿ ಅನ್ನುವುದು ಮೊದಲೇ ಬರೆದಿರಲಿ. ಅರ್ಧಕ್ಕೆ ಕೈಬಿಟ್ಟರೆ ಇಷ್ಟು ಕೊಡಬೇಕು ಅನ್ನುವ ಮಾತೂ ಇರಲಿ, ಹೊರಗಿನವರು ಅದಕ್ಕೆ ಕಿಲ್ ಫೀ ಅನ್ನುತ್ತಾರೆ, ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಸ್ಕೆಚ್ ಕಳಿಸುವಾಗ ಚಿಕ್ಕ ಗಾತ್ರದಲ್ಲಿ, ನಡುವೆ ನಿಮ್ಮ ಹೆಸರು ಹಾಕಿ ಕಳಿಸಿ. ಅಡ್ವಾನ್ಸ್ ಕೇಳಿದ ಕೂಡಲೇ ಓಡಿಹೋಗುವವರು ಮೂರು ಸ್ಕೆಚ್ ಆದ ಮೇಲೂ ಓಡಿಹೋಗುತ್ತಿದ್ದರು. ಆ ಮೂರು ಸ್ಕೆಚ್ ನಿಮ್ಮವೇ, ಅದರಲ್ಲಿ ನದಿ ದಾಟುವ ಹುಡುಗಿ ಇರುವುದನ್ನು ಪೂರ್ತಿ ಮಾಡಿ.

ಟೀ ಶರ್ಟ್ ವಿಷಯ ಕಾನೂನಿನದ್ದು, ಸ್ವಲ್ಪ ಬಿಡಿಸಿ ಹೇಳಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವು ಚಿತ್ರ ಬರೆದ ಗಳಿಗೆಯಿಂದಲೇ ಅದರ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನಿಮ್ಮ ಜೀವಿತಕಾಲ, ಅದಾದ ಮೇಲೆ 60 ವರ್ಷ ಅದು ಉಳಿಯುತ್ತದೆ. ಓಬವ್ವನ ಕಥೆ ಎಲ್ಲರದು, ಬೇರೆಯವರು ಅವಳನ್ನು ಬರೆದರೆ ಕೇಳುವ ಹಾಗಿಲ್ಲ. ನಿಮ್ಮ ರೇಖೆ, ನಿಮ್ಮ ಬಣ್ಣ, ನಿಮ್ಮ ರಾಕ್ಷಸರು ಮಾತ್ರ ನಿಮ್ಮವು. ಲೇಯರ್ ಇರುವ ಮೂಲ ಫೈಲ್, ದಿನಾಂಕವಿರುವ ಸ್ಕೆಚ್‌ಗಳು ನಿಮ್ಮ ಬಳಿ ಇವೆಯಲ್ಲ, ಅವೇ ಸಾಕ್ಷಿ. ಆ ಶರ್ಟ್ ಯಾವ ಆನ್‌ಲೈನ್ ಅಂಗಡಿಯಲ್ಲಿದೆಯೋ ಅಲ್ಲಿ ಕಾಪಿರೈಟ್ ದೂರು ಕೊಡುವ ಫಾರಂ ಇರುತ್ತದೆ, ತುಂಬಿ ಕಳಿಸಿ. ಬಹಳ ಸಲ ಅಷ್ಟರಲ್ಲೇ ಇಳಿಯುತ್ತದೆ. ನವೆಂಬರ್ 11ರ ಓಬವ್ವ ಜಯಂತಿಗೆ ಚಿತ್ರದುರ್ಗದ ಹುಡುಗರು ನಿಮ್ಮ ಚಿತ್ರವನ್ನು ಫ್ಲೆಕ್ಸ್‌ನಲ್ಲಿ ಹಾಕಿದರೆ ಜಗಳಕ್ಕೆ ಹೋಗಬೇಡಿ. ಮುಂದಿನ ವರ್ಷ ಹೆಸರು ಹಾಕಿ ಅಂತ ಹೇಳಿ, ಒಳ್ಳೆ ಫೈಲ್ ನಾನೇ ಕೊಡ್ತೀನಿ ಅನ್ನಿ. ಮಾರಿ ದುಡ್ಡು ಮಾಡುವವರು ಬೇರೆ, ಪ್ರೀತಿಗೆ ಕಟ್ಟುವವರು ಬೇರೆ.

ಇದೇ ಕಾಯ್ದೆಯಲ್ಲಿ ಹೊಸಬರಿಗೆ ಗೊತ್ತಿರದ ಒಂದು ಮುಳ್ಳಿದೆ. 17ನೇ ಸೆಕ್ಷನ್ ಓದಿ. ಯಾರಾದರೂ ದುಡ್ಡು ಕೊಟ್ಟು ವರ್ಣಚಿತ್ರವನ್ನೋ ಭಾವಚಿತ್ರವನ್ನೋ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಮೊದಲ ಹಕ್ಕುದಾರ ಬರೆಸಿದವನೇ. ಕೆಲಸಕ್ಕೆ ಸೇರಿ, ಆ ಕೆಲಸದ ಭಾಗವಾಗಿ ಬರೆದದ್ದೂ ಸಾಮಾನ್ಯವಾಗಿ ಮಾಲೀಕರದ್ದೇ. ಮುಖಪುಟದ ವಿಷಯದಲ್ಲಿ ಬರೀ ಬಾಯಿಮಾತಿನಲ್ಲಿ ನಡೆದಿದ್ದರೆ ನಾಳೆ ಅವರು ಅದೇ ರಾಕ್ಷಸನನ್ನು ಇನ್ನೊಂದು ಪುಸ್ತಕಕ್ಕೆ ಹಾಕಿದಾಗ ವಾದ ಮಾಡುವುದು ಕಷ್ಟ. ಅದಕ್ಕೇ ಎರಡು ಸಾಲು ಬರವಣಿಗೆಯಲ್ಲಿ ಇರಲಿ: 'ಈ ಚಿತ್ರದ ಹಕ್ಕು ಕಲಾವಿದರದು. ಈ ಪುಸ್ತಕದ ಕನ್ನಡ ಆವೃತ್ತಿಯ ಮುಖಪುಟ ಮತ್ತು ಪ್ರಚಾರಕ್ಕೆ ಮಾತ್ರ ಬಳಸಬಹುದು.' ಹಕ್ಕನ್ನು ಪೂರ್ತಿ ಬರೆದುಕೊಡುವುದಾದರೆ ಸಹಿಯಿರುವ ಕಾಗದ ಬೇಕೇ ಬೇಕು ಅನ್ನುತ್ತದೆ 19ನೇ ಸೆಕ್ಷನ್. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಎಣಿಸಲಾಗುತ್ತದೆ. 57ನೇ ಸೆಕ್ಷನ್ ಇನ್ನೊಂದು ಕೊಟ್ಟಿದೆ: ಹಕ್ಕು ಮಾರಿದ ಮೇಲೂ 'ಇದನ್ನು ಬರೆದದ್ದು ನಾನು' ಎಂದು ಹೇಳಿಕೊಳ್ಳುವ ಹಕ್ಕು ನಿಮ್ಮಲ್ಲೇ ಇರುತ್ತದೆ. ನಿಮ್ಮ ಕಾದಂಬರಿಯ ಒಳಪುಟದಲ್ಲಿ ಮುಖಪುಟ ಕಲಾವಿದರ ಹೆಸರೇ ಇಲ್ಲ. ದುಡ್ಡಿಗಿಂತ ಅದು ನನಗೆ ಜಾಸ್ತಿ ಚುಚ್ಚಿತು.

ಗೇಮ್ ಸ್ಟುಡಿಯೊ 'ಆಗಲ್ಲ' ಅಂದದ್ದು ನಿಮ್ಮ ಕೈಯ ಬಗ್ಗೆ ಏನೂ ಹೇಳುವುದಿಲ್ಲ. ನೀವು ತಟ್ಟಿದ ಬಾಗಿಲು ಬೇರೆಯದು. ಕಾನ್ಸೆಪ್ಟ್ ಆರ್ಟ್ ಅಂದ್ರೆ ಮುಗಿದ ಚಿತ್ರವಲ್ಲ. ಒಂದು ಕತ್ತಿಯ ಇಪ್ಪತ್ತು ರೂಪ, ಒಂದು ಪ್ರಾಣಿಯ ಮುಂದೆ ಹಿಂದೆ ಪಕ್ಕದ ನೋಟ, ಕೀಲು ಎಲ್ಲಿ ಮಡಚುತ್ತದೆ, ಬಟ್ಟೆ ಎಲ್ಲಿ ಕಟ್ಟಿದೆ ಅನ್ನುವ ವಿವರ. ಅದನ್ನು ನೋಡಿ ಇನ್ನೊಬ್ಬರು ಮೂರು ಆಯಾಮದ ಮಾದರಿ ಕಟ್ಟುತ್ತಾರೆ. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ, ಅಂದ್ರೆ ಕೆಲಸ ಕೇಳಲು ತೋರಿಸುವ ಚಿತ್ರಗಳ ಕಟ್ಟಿನಲ್ಲಿ, ಅಂಥ ಒಂದು ಹಾಳೆಯೂ ಇಲ್ಲ, ಎಲ್ಲವೂ ಇಲಸ್ಟ್ರೇಶನ್, ಕಥೆ ಹೇಳುವ ಮುಗಿದ ಚಿತ್ರ. ನಿಮ್ಮ ಚಿತ್ರಕ್ಕೆ ಬಾಗಿಲು ಪುಸ್ತಕದ ಮುಖಪುಟ, ಕಾರ್ಡ್ ಗೇಮ್, ಬೋರ್ಡ್ ಗೇಮ್, ಆಡುವವರೇ ಪಾತ್ರಗಳಾಗಿ ಕಥೆ ಕಟ್ಟುವ ರೋಲ್ ಪ್ಲೇಯಿಂಗ್ ಗೇಮ್‌ಗಳ ಪುಸ್ತಕದ ಒಳಚಿತ್ರ. ಈ ಲೋಕ ಚಿಕ್ಕದೇನಲ್ಲ. ಅಂಥ ರೋಲ್ ಪ್ಲೇಯಿಂಗ್ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಶುರುವಾಯಿತು, ಮ್ಯಾಜಿಕ್ ದಿ ಗ್ಯಾದರಿಂಗ್ ಕಾರ್ಡ್ ಆಟ 1993ರಲ್ಲಿ. ಪ್ರತಿ ಕಾರ್ಡಿಗೂ ಒಂದು ಚಿತ್ರ ಬೇಕು. ದೊಡ್ಡವರ ಬಾಗಿಲು ಒಮ್ಮೆಗೇ ತೆರೆಯುವುದಿಲ್ಲ, ಆದರೆ ಚಿಕ್ಕ ಪ್ರಕಾಶಕರು ಕಪ್ಪು ಬಿಳುಪಿನ ಒಳಚಿತ್ರಗಳಿಗೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ಗಡುವಿಗೆ ಸರಿಯಾಗಿ ಕೊಟ್ಟರೆ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ.

ಪೋರ್ಟ್‌ಫೋಲಿಯೊ ಉದ್ದವಾಯಿತು. ನಟರ ಭಾವಚಿತ್ರ, ಮಂಡಲ, ಗಣಪತಿ, ಡ್ರ್ಯಾಗನ್, ಕಾಲೇಜಿನ ಸ್ಟಿಲ್ ಲೈಫ್, ಎಲ್ಲವೂ ಒಂದೇ ಕಡೆ ಇವೆ. ಕಲಾ ನಿರ್ದೇಶಕರು, ಅಂದ್ರೆ ಪ್ರಕಾಶಕರ, ಗೇಮ್ ಕಂಪನಿಗಳ ಪರವಾಗಿ ಕಲಾವಿದರನ್ನು ಆರಿಸುವವರು, ನಿಮ್ಮ ಅತ್ಯುತ್ತಮ ಚಿತ್ರ ನೋಡಿ ಕೆಲಸ ಕೊಡುವುದಿಲ್ಲ. ಅತಿ ಕೆಟ್ಟದ್ದನ್ನು ನೋಡಿ, 'ಗಡುವಿನ ಕೊನೆ ದಿನ ಈ ಹುಡುಗಿ ಕೊಡುವುದು ಇದನ್ನೇ' ಅಂದುಕೊಳ್ಳುತ್ತಾರೆ. ಹತ್ತು ಹನ್ನೆರಡು ಸಾಕು. ನಿಮ್ಮ ಚಿತ್ರಗಳಲ್ಲಿ ಕೈಗಳು ಆಗಾಗ ಮಂಜಿನಲ್ಲಿ, ಸೆರಗಿನಲ್ಲಿ, ಗುರಾಣಿಯ ಹಿಂದೆ ಅಡಗಿರುತ್ತವೆ. ನೋಡುವವರಿಗೆ ಅದು ಗೊತ್ತಾಗುತ್ತದೆ. ಕೈ ಬರೆಯುವುದನ್ನು ಕಲಿತೇಬಿಡಿ, ಬೇರೆ ದಾರಿಯಿಲ್ಲ.

ಓಬವ್ವನ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಅಷ್ಟು ಜನ ಮೆಚ್ಚಿದ್ದರೂ. ನೀವು ದುರ್ಗದ ಕೋಟೆಗೆ ಹೋಗಿದ್ದೀರಿ ಅಲ್ವಾ? ಆ ಕಿಂಡಿ ನೋಡಿದ್ದೀರಿ. ಅಲ್ಲಿ ಒಬ್ಬರು ಮೈ ಕುಗ್ಗಿಸಿ, ಬಗ್ಗಿ ನುಸುಳಬೇಕು. ನಿಮ್ಮ ಚಿತ್ರದಲ್ಲಿ ಅದು ಊರ ಹೆಬ್ಬಾಗಿಲಿನಷ್ಟು ಅಗಲವಿದೆ, ಐದು ರಾಕ್ಷಸರು ಒಟ್ಟಿಗೆ ನುಗ್ಗುತ್ತಿದ್ದಾರೆ. ನೋಡಲು ಭರ್ಜರಿ, ಆದರೆ ಕಥೆ ಬಿದ್ದುಹೋಯಿತು. ಐದು ಜನ ಒಟ್ಟಿಗೆ ಬಂದರೆ ಒನಕೆ ಹಿಡಿದ ಒಬ್ಬಳೇ ಹೆಂಗಸು ಏನು ಮಾಡಿಯಾಳು? ಒಂದು ಸಲಕ್ಕೆ ಒಂದೇ ತಲೆ ಹೊರಬರುತ್ತದೆ, ಅವಳು ಪಕ್ಕದಲ್ಲಿ ಮರೆಯಾಗಿ ನಿಂತಿದ್ದಾಳೆ, ಒಳಗಿರುವವನಿಗೆ ಮುಂದೆ ಹೋದವನು ಏನಾದ ಅಂತ ಗೊತ್ತಿಲ್ಲ. ಅದರಲ್ಲಿರುವ ಭಯ ಇಕ್ಕಟ್ಟಿನದ್ದು. ಕಿಂಡಿಯ ಕತ್ತಲಲ್ಲಿ ಒಂದೇ ಒಂದು ರಾಕ್ಷಸನ ಕೊಂಬು, ಕಲ್ಲಿಗೆ ಸಿಕ್ಕಿ ಹೊರಬರಲಾಗದೆ ಉಜ್ಜುತ್ತಿರುವುದು. ಹೊರಗೆ ಒನಕೆಯ ತುದಿಯ ಕಬ್ಬಿಣದ ಬಳೆಯ ಮೇಲೆ ಒಂದು ಚೂರು ಬೆಳಕು. ಇದನ್ನು ಇನ್ನೊಮ್ಮೆ ಬರೆಯಿರಿ. ಲೈಕ್ ಕಡಿಮೆ ಬರಬಹುದು, ಕಲಾ ನಿರ್ದೇಶಕರು ಮಾತ್ರ ಇದರ ಮುಂದೆ ನಿಲ್ಲುತ್ತಾರೆ. ಕಥೆ ಓದಿ ಯಾವ ಗಳಿಗೆಯನ್ನು ಬರೆಯಬೇಕು ಅಂತ ಆರಿಸುವವರು ಅವರಿಗೆ ಬೇಕು.

ನೆಲದ ಮೇಲಿನ ಅಭಿಮಾನಕ್ಕೆ ದುರ್ಗ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಹೊರಗಿನ ಕಾರ್ಡ್ ಗೇಮಿನವರು ಕೇಳುವುದು ಅವರ ಲೋಕದ ಕೋಟೆ, ಅವರ ಕವಚ. ಆದರೆ ಕಲ್ಲು ಕಲ್ಲಿನ ಹಾಗೆ ಕಾಣಬೇಕು ಅಂದ್ರೆ ಕಲ್ಲನ್ನು ನೋಡಿರಬೇಕು. ನಿಮ್ಮ ಹಿಮದ ಕೋಟೆಗಳ ಗೋಡೆ ಥರ್ಮಾಕೋಲಿನ ಹಾಗಿದೆ, ಬೇಜಾರಾಗಬೇಡಿ. ದಾವಣಗೆರೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಆಚೆಗೆ ಏಳುಸುತ್ತಿನ ಕೋಟೆ ಇದೆ. ಸಂಜೆ ಬಿಸಿಲಿನಲ್ಲಿ ಒಂದು ಬಂಡೆ ಮುಂದೆ ಕೂತು ನೋಡಿ. ಮಳೆನೀರು ಇಳಿದ ಕಪ್ಪು ಗೆರೆಗಳು ಬಂಡೆಯ ಉಬ್ಬನ್ನು ತಾವೇ ಹೇಳುತ್ತವೆ. ಕಲ್ಲು ಸೀಳಲು ಹೊಡೆದ ಉಳಿಯ ಗುರುತು ಸಾಲಾಗಿ ಇರುತ್ತದೆ. ಬಾಗಿಲುಗಳು ನೇರವಾಗಿಲ್ಲ, ತಿರುವಿನ ಹಿಂದೆ ತಿರುವು, ನುಗ್ಗಿ ಬರುವವರ ವೇಗ ಮುರಿಯುವ ಹಾಗೆ. ಇದನ್ನು ತಿಳಿದವರು ಬರೆದ ಯಾವ ಲೋಕದ ಕೋಟೆಯಾದರೂ ನಿಜ ಅನಿಸುತ್ತದೆ. ಮೇಲೆ ಹಿಡಿಂಬೇಶ್ವರನ ಗುಡಿ ಇದೆ, ಹಿಡಿಂಬನ ಹಲ್ಲು ಅಂತ ತೋರಿಸುತ್ತಾರೆ. ಆ ಹಲ್ಲು ಒಂದು ಇದ್ದರೆ ಅದರ ಬಾಯಿ ಎಷ್ಟಿರಬೇಕು, ತಲೆ ಎಷ್ಟಿರಬೇಕು ಅಂತ ಲೆಕ್ಕ ಹಾಕಿ ಒಂದು ಪ್ರಾಣಿಯನ್ನು ಕಟ್ಟಿ ನೋಡಿ. ಕಾನ್ಸೆಪ್ಟ್ ಆರ್ಟ್ ಹಾಳೆ ಬೇಕು ಅಂದೆನಲ್ಲ, ಅದು ಒಂದು ಆಯ್ತು.

ಕವಚಕ್ಕೂ ಅಂತರ್ಜಾಲ ಹುಡುಕಬೇಕಾಗಿಲ್ಲ. ಬಯಲಾಟದ ವೇಷ ಕಟ್ಟುವವರ ಪೆಟ್ಟಿಗೆ ತೆಗೆಸಿ ನೋಡಿ. ಭುಜಕೀರ್ತಿ, ಎದೆಕವಚ, ಕಿರೀಟ, ಹಗುರ ಮರದ ಮೇಲೆ ಬೇಗಡೆ ಅಂಟಿಸಿದ್ದು. ಎಲ್ಲಿ ದಾರ ಕಟ್ಟುತ್ತಾರೆ, ಕುಣಿಯುವಾಗ ಯಾವುದು ಅಲುಗುತ್ತದೆ, ಯಾವುದು ಬೆವರಿಗೆ ಜಾರುತ್ತದೆ ಅಂತ ಕೇಳಿ. ನಿಮ್ಮ ಯೋಧೆಯರ ಕವಚಕ್ಕೆ ಬಕಲ್ಲೇ ಇಲ್ಲ, ಅದನ್ನು ಹಾಕಿಕೊಂಡಿದ್ದು ಹೇಗೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಪ್ರಶಸ್ತಿಯನ್ನು ಬಯೋಡೇಟಾದಿಂದ ತೆಗೆದುಬಿಡಿ. ದುಡ್ಡು ಕಟ್ಟಿದ ಎಲ್ಲರಿಗೂ ಯಾವುದೋ ಒಂದು ಹೆಸರಿನ ಸರ್ಟಿಫಿಕೇಟ್ ಕೊಡುವ ಸ್ಪರ್ಧೆಗಳು ಬೇಕಾದಷ್ಟಿವೆ, ನೋಡುವವರಿಗೆ ಗೊತ್ತಾಗುತ್ತದೆ. ಶುಲ್ಕ ಇದ್ದರೆ ಮೋಸ ಅಂತ ಅಲ್ಲ, ತೀರ್ಪುಗಾರರು ಯಾರು, ಹಿಂದೆ ಗೆದ್ದವರು ಈಗ ಎಲ್ಲಿದ್ದಾರೆ ಅಂತ ನೋಡಬೇಕು. ನಿಮ್ಮ ಹಂತಕ್ಕೆ ಹೊಂದುವುದು 1988ರಿಂದ ನಡೆಯುತ್ತಿರುವ ಇಲಸ್ಟ್ರೇಟರ್ಸ್ ಆಫ್ ದಿ ಫ್ಯೂಚರ್ ಅನ್ನುವ ಸ್ಪರ್ಧೆ. ಶುಲ್ಕವಿಲ್ಲ, ಇನ್ನೂ ವೃತ್ತಿಯಲ್ಲಿ ನೆಲೆ ನಿಲ್ಲದವರಿಗೇ ಮೀಸಲು, ಮೂರು ತಿಂಗಳಿಗೊಮ್ಮೆ ಮೂವರಿಗೆ ತಲಾ 500 ಡಾಲರ್, ವರ್ಷಕ್ಕೊಬ್ಬರಿಗೆ 5,000 ಡಾಲರ್. ಫ್ಯಾಂಟಸಿ ಕಲೆಗೆ 1985ರಿಂದ ಕೊಡುತ್ತಿರುವ ಚೆಸ್ಲಿ ಪ್ರಶಸ್ತಿಯ ಪಟ್ಟಿಗಳನ್ನೂ ತೆಗೆದು ನೋಡುತ್ತಿರಿ. ಯಾರ ಕೆಲಸ ಯಾವ ಪ್ರಕಾಶಕರಿಗೆ ಹೋಗುತ್ತದೆ ಅಂತ ಅದರಲ್ಲೇ ತಿಳಿಯುತ್ತದೆ.

ಎಐ ಬಗ್ಗೆ ಸುಮ್ನೆ ಧೈರ್ಯ ಹೇಳುವುದಿಲ್ಲ. ಅಗ್ಗದ ಮುಖಪುಟದ ಕೆಲಸ ಒಂದಷ್ಟು ಹೋಗಿದೆ, ಇನ್ನೂ ಹೋಗುತ್ತದೆ. 2022ರ ಡಿಸೆಂಬರಿನಲ್ಲಿ ಕಲಾವಿದರು ತಮ್ಮ ಚಿತ್ರ ತೋರಿಸುವ ಆರ್ಟ್‌ಸ್ಟೇಷನ್ ಜಾಲತಾಣದಲ್ಲಿ ಅವರೇ ಸಾಲುಸಾಲಾಗಿ ಎಐ ವಿರುದ್ಧ ಪ್ರತಿಭಟನೆಯ ಚಿತ್ರ ಹಾಕಿದ್ದು ನಿಮಗೂ ನೆನಪಿರಬಹುದು. ಇನ್ನೊಂದು ಕಡೆ, ಮ್ಯಾಜಿಕ್ ಕಾರ್ಡ್ ತರುವ ಕಂಪನಿ 2023ರ ಕೊನೆಯಲ್ಲಿ, ತನ್ನ ಕಲಾವಿದರು ಅಂತಿಮ ಚಿತ್ರಕ್ಕೆ ಎಐ ಬಳಸಬಾರದು ಅಂತ ಹೇಳಿತು. ಈ ಕಡೆಯವರ ಜೊತೆ ಕೆಲಸ ಮಾಡಬೇಕಾದರೆ 'ಇದು ನನ್ನ ಕೈಯದ್ದು' ಅಂತ ತೋರಿಸಬೇಕಾಗುತ್ತದೆ. ಸ್ಕೆಚ್‌ನಿಂದ ಕೊನೆಯವರೆಗಿನ ಫೈಲ್‌ಗಳನ್ನು ಅಳಿಸಬೇಡಿ. ಜೊತೆಗೆ, ಒಂದೇ ಪಾತ್ರವನ್ನು ಹತ್ತು ಚಿತ್ರದಲ್ಲಿ ಒಂದೇ ಮುಖದಲ್ಲಿ ಉಳಿಸಿಕೊಳ್ಳುವುದು, 'ಕತ್ತಿ ಬಲಗೈಗೆ ಕೊಡಿ, ಉಳಿದದ್ದು ಹಾಗೇ ಇರಲಿ' ಅಂದಾಗ ಅಷ್ಟನ್ನೇ ತಿದ್ದುವುದು, ಇದನ್ನು ರೂಢಿ ಮಾಡಿಕೊಳ್ಳಿ.

ನಿಮ್ಮ ಅಪ್ಪನ ಮಾತಿಗೆ ನನ್ನ ಓಟು. ಸೇರಿಕೊಳ್ಳಿ, ಆದರೆ ಮಧ್ಯಾಹ್ನದವರೆಗಿನ ಕೆಲಸವೋ, ವಾರದಲ್ಲಿ ಮೂರು ದಿನವೋ ಸಿಗುತ್ತದೆಯೇ ಅಂತ ಮೊದಲು ಕೇಳಿ. ತಿಂಗಳ ಖರ್ಚಿಗೆ ದುಡ್ಡು ಇದ್ದರೆ ಅಡ್ವಾನ್ಸ್ ಕೊಡದವರಿಗೆ 'ಇಲ್ಲ' ಅನ್ನಲು ಬಾಯಿ ಬರುತ್ತದೆ. ಬೆಂಗಳೂರಿಗೆ ಹೋಗಿ ಪಿಜಿ ಬಾಡಿಗೆ ಕಟ್ಟಲಿಕ್ಕೇ ಚಿತ್ರ ಬರೆಯುವ ಹುಡುಗ ಹುಡುಗಿಯರನ್ನು ನೋಡಿದ್ದೇನೆ, ಅವರು ಬರೆಯುವುದು ಫ್ಯಾಂಟಸಿ ಅಲ್ಲ, ಯಾರದೋ ಆ್ಯಪಿನ ಐಕಾನ್. ಮನೆಯ ಊಟ, ಸ್ವಂತ ಕೋಣೆ, ಇದು ಸಣ್ಣ ಬಂಡವಾಳವಲ್ಲ. ಬೆಂಗಳೂರಿಗೆ ವರ್ಷಕ್ಕೊಮ್ಮೆ ಹೋಗಿ. 2003ರಿಂದ ಚಿತ್ರಕಲಾ ಪರಿಷತ್ತಿನವರು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಾರೆ. ಮೊದಲೇ ಅರ್ಜಿ ಹಾಕಬೇಕು. ಎ4 ಪ್ರಿಂಟುಗಳನ್ನು ಹಿಡಿದು ಹೋಗಿ, ಯಾವ ಚಿತ್ರದ ಮುಂದೆ ಜನ ನಿಲ್ಲುತ್ತಾರೆ, ಯಾವುದಕ್ಕೆ ಜೇಬಿಗೆ ಕೈ ಹಾಕುತ್ತಾರೆ ಅಂತ ನೋಡಿ. ಇವೆರಡೂ ಒಂದೇ ಚಿತ್ರ ಆಗಿರುವುದಿಲ್ಲ.

ಇನ್ನು ಆ ಕಾದಂಬರಿಯ ಪ್ರಕಾಶಕರು. ಅವರನ್ನು ಕಳೆದುಕೊಂಡೆ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ನಿಮ್ಮ ಪತ್ರದಲ್ಲಿ ಅವರು ಬೇಡ ಅಂದ ಮಾತೆಲ್ಲೂ ಇಲ್ಲ. ನೀವು ಒಮ್ಮೆಯೂ ಕೇಳಿದ ಹಾಗೂ ಇಲ್ಲ. ನವೆಂಬರ್ ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ತರುವವರು ಆಗಸ್ಟ್, ಸೆಪ್ಟೆಂಬರಿನಲ್ಲೇ ಮುಖಪುಟ ಹುಡುಕಲು ಶುರು ಮಾಡುತ್ತಾರೆ. ಅಷ್ಟರೊಳಗೆ ಡೆಮಿ ಅಳತೆಯಲ್ಲಿ, ಮೇಲೆ ಜಾಗ ಬಿಟ್ಟು, ಕಲ್ಪಿತ ಶೀರ್ಷಿಕೆ ಕೂರಿಸಿ, ಬೆನ್ನು ಹಿಂಬದಿ ಸೇರಿಸಿ ಮೂರು ಮಾದರಿ ಮಾಡಿ ಕಳಿಸಿ. ಬರಬೇಕಾದ 2,500ರ ಮಾತನ್ನು ಆ ಇಮೇಲ್‌ನಲ್ಲಿ ತರಬೇಡಿ. ಅದಕ್ಕೆ ಬಿಲ್ ಸಮೇತ ಬೇರೆ ಇಮೇಲ್ ಬರೆಯಿರಿ, ಮೊದಲು ಅದನ್ನು ಕಳಿಸಿ.